ಇನ್ನೊಂದು ಕಡೆ ಕೆಲಸ ಸಿಗುತ್ತದೆಯೇ? ಸರ್ಕಾರದ ನೀತಿ ಮತ್ತು ನಮ್ಮ ಜಿಲ್ಲೆಗಳ ಕೂಲಿ

(ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಕಾರ್ಖಾನೆ ಕಾರ್ಮಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಧ್ವನಿಮುದ್ರಣದಿಂದ ಸಿದ್ಧಪಡಿಸಿದ ಬರಹ)

2011ರ ಫೆಬ್ರುವರಿ 28ರಂದು ಮಂಡನೆಯಾದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಬಜೆಟ್ ಕಡತದಲ್ಲಿ ಅದು ಒಂದು ಸಾಲಿನ ವಿಷಯ. ಆ ಸಾಲಿನಲ್ಲಿ ಶಿಡ್ಲಘಟ್ಟದ ಹೆಸರಿರಲಿಲ್ಲ, ಚಿಂತಾಮಣಿಯ ಹೆಸರಿರಲಿಲ್ಲ, ಕೂಲಿ ಅಥವಾ ಉದ್ಯೋಗದ ಮಾತಂತೂ ಇರಲೇ ಇಲ್ಲ. ಆದರೆ ಅದರ ಬೆನ್ನಿಗೇ ಚೀನಾದ ನೂಲು ಅಗ್ಗವಾಗಿ ಬರತೊಡಗಿತು, ಗೂಡಿನ ಬೆಲೆ ಕುಸಿಯಿತು, ರೇಷ್ಮೆ ಬೆಳೆಗಾರರು ಬೀದಿಗಿಳಿದರು, ಹಿಪ್ಪುನೇರಳೆಯನ್ನು ಕಿತ್ತು ಬೇರೆ ಬೆಳೆಯತ್ತ ಹೋದವರೂ ಉಂಟು. ಉದ್ಯೋಗದ ಬಗ್ಗೆ ಸರ್ಕಾರ ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ ‘ಉದ್ಯೋಗ’ ಎಂಬ ಹೆಸರಿರುವ ಯೋಜನೆಗಳನ್ನಷ್ಟೇ ಓದಿದರೆ ಸಾಲದು ಎಂಬುದಕ್ಕೆ ನನಗೆ ತಿಳಿದ ಅತ್ಯಂತ ಹತ್ತಿರದ ಉದಾಹರಣೆ ಇದು.

ಶಿಡ್ಲಘಟ್ಟದ ಯಾವುದಾದರೂ ನೂಲು ಬಿಚ್ಚಾಣಿಕೆ ಘಟಕದ ಒಳಗೆ ಹೋಗಿ ನಿಂತವರಿಗೆ ಈ ಸುಂಕ ಕೂಲಿಯನ್ನು ಹೇಗೆ ಮುಟ್ಟುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆವಿಯಾಡುವ ಬಿಸಿನೀರಿನ ತೊಟ್ಟಿಯ ಮುಂದಿರುವ ಹೆಂಗಸು ಬೆಂದ ಗೂಡಿನ ರಾಶಿಯಲ್ಲಿ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ, ಹಲವು ಎಳೆಗಳನ್ನು ಒಂದಾಗಿ ಕೂಡಿಸಿ, ಒಂದು ಕಡಿದ ಕೂಡಲೇ ಇನ್ನೊಂದನ್ನು ಸೇರಿಸುತ್ತ ದಿನ ಕಳೆಯುತ್ತಾಳೆ. ಸಂಜೆಯ ಹೊತ್ತಿಗೆ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಗೂಡು ಬೇಕು. ಗೂಡಿನ ಬೆಲೆ ಹರಾಜಿನಲ್ಲಿ ನಿರ್ಧಾರವಾಗುತ್ತದೆ, ನೂಲಿನ ಬೆಲೆಯನ್ನು ಪೇಟೆ ಹೇಳುತ್ತದೆ, ಸೌದೆಗೂ ಕರೆಂಟಿಗೂ ಚೌಕಾಸಿ ಇಲ್ಲ. ನೂಲು ಬಿಚ್ಚುವ ಘಟಕ ನಡೆಸುವ ಸಣ್ಣ ರೀಲರ್ ಒಬ್ಬನ ಲೆಕ್ಕದ ಪುಸ್ತಕದಲ್ಲಿ ಅವನು ಕೈಯಾಡಿಸಬಹುದಾದ ಒಂದೇ ಸಾಲು ಎಂದರೆ ಕೂಲಿ. ಆದ್ದರಿಂದ ನೂಲಿನ ಬೆಲೆ ಬಿದ್ದ ದಿನ ಮೊದಲು ಕುಗ್ಗುವುದು ಆ ಹೆಂಗಸಿನ ಕೆಲಸದ ದಿನಗಳು, ಆಮೇಲೆ ಅವಳ ದಿನಗೂಲಿ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟು ಮಾತಾಡಿದರೆ ತಪ್ಪಾಗುತ್ತದೆ. ಸುಂಕ ಇಳಿಸಬೇಕೆಂದು ಕೇಳಿದವರೂ ದುಡಿಯುವವರೇ. ದೊಡ್ಡಬಳ್ಳಾಪುರದ ಮಗ್ಗದವರಿಗೆ, ಗಡಿಯಾಚೆ ಧರ್ಮಾವರದ ನೇಕಾರರಿಗೆ ನೂಲು ಅಗ್ಗವಾದರೆ ಕೆಲಸ ಹೆಚ್ಚುತ್ತದೆ. ನೂಲು ತುಟ್ಟಿಯಾದರೆ ಮಗ್ಗ ನಿಲ್ಲುತ್ತದೆ. 2013ರ ಬಜೆಟ್ಟಿನಲ್ಲಿ ಸುಂಕ ಶೇ 15ಕ್ಕೆ ಏರಿತು, ಮುಂದೆ ಶೇ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ ಶೇ 15 ಆಯಿತು. ಪ್ರತಿ ಬಾರಿಯೂ ಒಂದು ತಾಲ್ಲೂಕಿನ ಕೆಲಸ ಇನ್ನೊಂದು ತಾಲ್ಲೂಕಿಗೆ ಸರಿದಿದೆ. ಎಲ್ಲರಿಗೂ ಒಳ್ಳೆಯದಾಗುವ ಸುಂಕ ಎಂಬುದಿಲ್ಲ. ಯಾರ ಕೆಲಸವನ್ನು ಕಿತ್ತು ಯಾರಿಗೆ ಕೊಡುತ್ತಿದ್ದೇವೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ, ಕೆಲಸ ಕಳೆದುಕೊಳ್ಳುವವರಿಗೆ ಏನು ವ್ಯವಸ್ಥೆ ಎಂದು ಹೇಳಬಹುದಿತ್ತು. 2011ರಲ್ಲಿ ರೀಲಿಂಗ್ ಘಟಕದ ಕೂಲಿಯವರ ಬಗ್ಗೆ ಹಾಗೆ ಯೋಚಿಸಿದ ಸೂಚನೆ ನನಗೆ ಕಾಣುವುದಿಲ್ಲ.

ಇಂದು ನಾನು ಹೇಳಬೇಕೆಂದಿರುವ ವಿಷಯ ಒಂದೇ. ಸಂಬಳ ಎಷ್ಟೆಂಬುದು ಕೆಲಸಗಾರನ ಶ್ರಮ, ಓದು, ಕೌಶಲಗಳಿಂದಷ್ಟೇ ನಿರ್ಧಾರವಾಗುವುದಿಲ್ಲ. ‘ಈ ಸಂಬಳಕ್ಕೆ ನಾನು ಬರುವುದಿಲ್ಲ’ ಎಂದು ಹೇಳಿ ಹೊರಟರೆ ಇನ್ನೊಂದು ಕಡೆ ಕೆಲಸ ಸಿಗುತ್ತದೆಯೇ ಎಂಬುದರಿಂದ ಬಹಳಷ್ಟು ಮಟ್ಟಿಗೆ ನಿರ್ಧಾರವಾಗುತ್ತದೆ. ಸರ್ಕಾರದ ನೀತಿಯೊಂದು ಕೂಲಿಯನ್ನು ಏರಿಸಿತೇ ಇಳಿಸಿತೇ ಎಂದು ತಿಳಿಯಲು ಕೇಳಬೇಕಾದ ಪ್ರಶ್ನೆಯೂ ಇದೇ: ಆ ನೀತಿ ದುಡಿಯುವವರಿಗೆ ಇನ್ನೊಂದು ದಾರಿ ತೆರೆಯಿತೇ, ಇದ್ದ ದಾರಿಯನ್ನು ಮುಚ್ಚಿತೇ? ಹೊಸ ಕಾರ್ಖಾನೆಯ ಶಂಕುಸ್ಥಾಪನೆಯಲ್ಲಿ ‘ಇಷ್ಟು ಸಾವಿರ ಉದ್ಯೋಗ’ ಎಂದು ಘೋಷಣೆಯಾಗುತ್ತದೆ. ಆ ಸಂಖ್ಯೆಗಿಂತ ಈ ಪ್ರಶ್ನೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಒಬ್ಬನೇ ಯಜಮಾನನಿದ್ದ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಕೆಜಿಎಫ್‌ನಲ್ಲಿ 1880ರ ಸುಮಾರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆ ಆರಂಭಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು ಆ ಗಣಿಗೆ ಬಂತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು, 2001ರ ಫೆಬ್ರುವರಿ 28ರಂದು ಮುಚ್ಚಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ಆಳ ಹೆಚ್ಚಿತು, ಖರ್ಚು ಏರಿತು ಎಂಬ ಕಾರಣಗಳು ನಿಜ. ಇಲ್ಲಿ ಒಂದು ಉಪಕಥೆ ಹೇಳಲೇಬೇಕು. ರಾಷ್ಟ್ರೀಕರಣದ ನಂತರ ಬಹಳ ಕಾಲ ಈ ಗಣಿ ತೆಗೆದ ಚಿನ್ನವನ್ನು ಪೇಟೆಯ ದರಕ್ಕಿಂತ ಎಷ್ಟೋ ಕಡಿಮೆಯಿದ್ದ ಅಧಿಕೃತ ದರಕ್ಕೆ ಸರ್ಕಾರಕ್ಕೆ ಒಪ್ಪಿಸಬೇಕಾಗಿತ್ತು. ಹಾಗಾಗಿ ಆ ವರ್ಷಗಳ ‘ನಷ್ಟ’ದಲ್ಲಿ ಒಂದು ಪಾಲು ಸರ್ಕಾರವೇ ಗೊತ್ತುಮಾಡಿದ ಬೆಲೆಯಿಂದ ಆದದ್ದು, ಅದರ ಹೊಣೆಯನ್ನು ಮಾತ್ರ ಗಣಿ ಕಾರ್ಮಿಕರ ಲೆಕ್ಕಕ್ಕೆ ಬರೆಯಲಾಯಿತು.

ಗಣಿ ಮುಚ್ಚಿದ ಮೇಲೆ ಆ ಊರು ಹೇಗೆ ಬದುಕಿತು? ರೈಲಿನಿಂದ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲು ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ವೈಟ್‌ಫೀಲ್ಡ್, ಕೆ.ಆರ್.ಪುರ ಸೇರುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಗಣಿ ಕಾರ್ಮಿಕರ ಮಕ್ಕಳು ಆ ರೈಲಿನಲ್ಲಿ ಹೋಗಿ ಬೆಂಗಳೂರಿನಲ್ಲಿ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಅಂಗಡಿ, ಕಾರ್ಖಾನೆಗಳಲ್ಲಿ ದುಡಿದು ರಾತ್ರಿ ಮರಳುತ್ತಾರೆ. ಊರಿನಲ್ಲಿ ಮನೆ, ನಗರದಲ್ಲಿ ಸಂಬಳ ಎಂಬ ಈ ಏರ್ಪಾಡು ಸಾಧ್ಯವಾದದ್ದು ತಿಂಗಳ ಸೀಸನ್ ಪಾಸಿನ ದರ ಬೆಂಗಳೂರಿನ ಒಂದು ಕೋಣೆಯ ಬಾಡಿಗೆಯ ಮುಂದೆ ಏನೂ ಅಲ್ಲ ಎನ್ನುವಷ್ಟು ಕಡಿಮೆ ಇರುವುದರಿಂದ. ರೈಲ್ವೆಯವರು ಅದನ್ನು ಉದ್ಯೋಗ ಯೋಜನೆ ಎಂದು ಎಲ್ಲಿಯೂ ಬರೆದುಕೊಂಡಿಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ರೈಲುಗಳು ನಿಂತು, ಕಾರ್ಖಾನೆ ಕಚೇರಿಗಳು ತೆರೆದ ಮೇಲೂ ಪಾಸಿನಲ್ಲಿ ಹತ್ತುವ ರೈಲುಗಳು ತಿಂಗಳುಗಟ್ಟಲೆ ಓಡದೆ ಇದ್ದಾಗ ಕೆಲಸ ಇದ್ದೂ ತಲುಪಲಾಗದೆ ಕಳೆದುಕೊಂಡವರು ನಿಮ್ಮ ನಡುವೆಯೇ ಇರಬಹುದು. ಕೆಜಿಎಫ್‌ನ ಮಟ್ಟಿಗೆ ಗಣಿ ಮುಚ್ಚಿದ ನಂತರದ ಅತಿ ದೊಡ್ಡ ಉದ್ಯೋಗ ನೀತಿ ಎಂದರೆ ಆ ಪಾಸ್ ಎಂದೇ ನಾನು ಹೇಳುತ್ತೇನೆ.

ಈಗ ತುಮಕೂರು ಜಿಲ್ಲೆಗೆ ಬನ್ನಿ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಭೂಸ್ವಾಧೀನ ಮಾಡದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, 28 ವರ್ಷದ ಕರಾರು. ಮಳೆ ಕೈಕೊಡುವ, ಶೇಂಗಾ ಬಿತ್ತಿ ಆಕಾಶ ನೋಡುವ ಊರುಗಳಲ್ಲಿ ಇದು ಚಿಕ್ಕ ಮಾತಲ್ಲ, ಭೂಮಿ ಉಳಿಸಿಕೊಂಡೇ ಬಾಡಿಗೆ ಪಡೆಯುವ ಈ ಮಾದರಿಯನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ. ಹತ್ತು ಎಕರೆ ಇದ್ದವನಿಗೆ ಮೊದಲ ವರ್ಷವೇ ಎರಡು ಲಕ್ಷದ ಹತ್ತು ಸಾವಿರ, ಮಳೆ ಬರಲಿ ಬಿಡಲಿ.

ಆದರೆ ಆ ಹತ್ತು ಎಕರೆಯಲ್ಲಿ ಕಳೆ ಕೀಳಲು, ಶೇಂಗಾ ಬಿಡಿಸಲು ಹೋಗುತ್ತಿದ್ದ ಭೂಮಿ ಇಲ್ಲದ ಮನೆಯವರು ಏನಾದರು? ಕರಾರಿಗೆ ಸಹಿ ಹಾಕುವವರು ಇಬ್ಬರು, ಜಮೀನಿನ ಮಾಲೀಕ ಮತ್ತು ಕಂಪನಿ. ಆ ಜಮೀನಿನ ಮೇಲೆ ನಿಂತಿದ್ದ ಮೂರನೆಯವರ ಕೂಲಿ ಕರಾರಿನೊಳಗೆ ಬರಲಿಲ್ಲ. ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು ಇವೆಲ್ಲ ಇವೆ, ಆದರೆ ಅಷ್ಟು ಎಕರೆಯ ಬೇಸಾಯಕ್ಕೆ ಬೇಕಿದ್ದ ಕೈಗಳಷ್ಟು ಕೈ ಬೇಡ. ದನ ಕುರಿ ಮೇಯಿಸುತ್ತಿದ್ದ ಬಯಲಿಗೆ ಬೇಲಿಯೂ ಬಂತು. ಒಂದೇ ನೀತಿ ಒಂದೇ ಹಳ್ಳಿಯಲ್ಲಿ ಒಂದು ಕೇರಿಗೆ ಆದಾಯವನ್ನೂ ಇನ್ನೊಂದು ಕೇರಿಗೆ ಗುಳೆಯನ್ನೂ ತಂದಿದೆ. ಬಾಡಿಗೆಯಲ್ಲಿ ಎಕರೆಗೆ ಸಾವಿರ ರೂಪಾಯಿಯನ್ನು ಭೂರಹಿತರ ನಿಧಿಗೆಂದು ಮೊದಲೇ ಕರಾರಿನಲ್ಲಿ ಸೇರಿಸಿದ್ದರೆ ಯಾವ ಕಂಪನಿಯೂ ಹಿಂದೆ ಸರಿಯುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಗಡಿ ಜಿಲ್ಲೆಗಳಲ್ಲಿ ಮುಂದೆ ಸೋಲಾರ್‌ಗೆ ಜಮೀನು ಕೇಳಿಕೊಂಡು ಬರುವವರಿದ್ದಾರೆ, ಪಂಚಾಯಿತಿ ಸದಸ್ಯರು ಇದನ್ನು ನೆನಪಿಡಬೇಕು.

ಕೂಲಿಯವರಿಗೆ ಇನ್ನೊಂದು ದಾರಿ ಎಂದಾಗ ಉದ್ಯೋಗ ಖಾತರಿಯ ಮಾತು ಬಂದೇ ಬರುತ್ತದೆ. 2005ರ ಕಾಯ್ದೆ, 2006ರ ಫೆಬ್ರುವರಿಯಿಂದ ಜಾರಿ, ಮನೆಗೆ ವರ್ಷಕ್ಕೆ 100 ದಿನ, ಕರ್ನಾಟಕದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. ಈ ಅಂಕಿಗಳು ನಿಮಗೆ ಬಾಯಿಪಾಠ. ಅದರ ಕೆಲಸಕ್ಕೆ ಹೋಗದವರ ಕೂಲಿಯ ಮೇಲೂ ಅದು ಪ್ರಭಾವ ಬೀರಿತು ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ಪಕ್ಕದ ಆಂಧ್ರದಲ್ಲಿ ಸ್ಮಾರ್ಟ್‌ಕಾರ್ಡ್ ಮೂಲಕ ಪಾವತಿ ಸುಧಾರಿಸಿದ ಕಡೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಬಡ ಮನೆಗಳ ಆದಾಯ ಏರಿದ್ದು ಕಂಡುಬಂತು. ಆ ಏರಿಕೆಯ ಬಹುಪಾಲು ಖಾತರಿ ಯೋಜನೆಯ ಹಣವಾಗಿರದೆ ಖಾಸಗಿ ಕೆಲಸದಿಂದ ಬಂದದ್ದಾಗಿತ್ತು. ಕೂಲಿಯವರು ಬೇಡವೆನ್ನಬಲ್ಲವರಾದ ಕೂಡಲೇ ತೋಟದ ಮಾಲೀಕ ದರ ಏರಿಸಿದ ಎಂದರ್ಥ. ಇನ್ನೊಂದು ಸಂಗತಿ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಟೊಮೆಟೊ ಬಿಡಿಸುವ ಸಾಲಿನಲ್ಲಿ ಗಂಡಸಿಗೊಂದು ದರ, ಹೆಂಗಸಿಗೊಂದು ದರ ಎಂಬುದನ್ನು ಪ್ರಕೃತಿ ನಿಯಮದಂತೆ ಒಪ್ಪಿಕೊಂಡಿದ್ದ ಊರುಗಳಲ್ಲಿ ಕೆರೆಯ ಹೂಳಿನ ಕೆಲಸಕ್ಕೆ ಇಬ್ಬರಿಗೂ ಒಂದೇ ಮೊತ್ತ ಬ್ಯಾಂಕಿಗೆ ಬಂದದ್ದು ಸಣ್ಣ ಬದಲಾವಣೆಯಲ್ಲ.

‘ನರೇಗಾದಿಂದ ಕೂಲಿಯವರೇ ಸಿಗುತ್ತಿಲ್ಲ’ ಎಂದು ರೈತರು ಹೇಳುವುದನ್ನು ನಾನು ತಳ್ಳಿಹಾಕುವುದಿಲ್ಲ. ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸಿನ ಬೆಲೆ ಬಿಡಿಸುವ ಕೂಲಿಗೂ ಸಾಲದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದವರನ್ನು ಕಂಡಿದ್ದೇವೆ. ಅಂಥವರಿಗೆ ಕೂಲಿ ಏರಿಕೆ ನಿಜವಾದ ಹೊರೆ. ಆದರೆ ಅದಕ್ಕೆ ಪರಿಹಾರ ಬೆಲೆಯ ಕಡೆ ಹುಡುಕಬೇಕೇ ಹೊರತು ಕೂಲಿಯವರ ದಾರಿ ಮುಚ್ಚುವುದರಲ್ಲಲ್ಲ. ಹಾಲಿನ ವಿಷಯದಲ್ಲಿ ನಮ್ಮ ರಾಜ್ಯವೇ ಹಾಗೆ ಮಾಡಿದೆ. ಲೀಟರಿಗೆ 2008ರಲ್ಲಿ 2 ರೂಪಾಯಿ, 2013ರಲ್ಲಿ 4, 2016ರಲ್ಲಿ 5 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಉದ್ಯೋಗ ಖಾತರಿಯ 100 ದಿನವನ್ನು 125 ಮಾಡಿದೆ. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶ ಕೊಟ್ಟಿದೆ, ಖರ್ಚಿನಲ್ಲಿ ರಾಜ್ಯಗಳ ಪಾಲನ್ನು ಸಾಮಾನ್ಯವಾಗಿ ಶೇ 40ಕ್ಕೆ ಏರಿಸಿದೆ. 25 ದಿನ ಹೆಚ್ಚಿದ್ದನ್ನು ಎಲ್ಲರೂ ಗಮನಿಸಿದರು. ನನ್ನ ಕಣ್ಣಿಗೆ ಬಿದ್ದದ್ದು ಆ 60 ದಿನ. ಕೂಲಿಗೆ ಬೇಡಿಕೆ ಹೆಚ್ಚಿರುವ, ದರ ಕೇಳಲು ಕೂಲಿಯವರಿಗೆ ಬಲ ಬರುವ ದಿನಗಳಲ್ಲೇ ಖಾತರಿಯನ್ನು ಹಿಂದಕ್ಕೆ ಸರಿಸಿದರೆ ಆಗುವ ಪರಿಣಾಮವನ್ನು ಆಂಧ್ರದ ಅಧ್ಯಯನವನ್ನು ತಿರುವಿ ಓದಿಯೇ ಊಹಿಸಬಹುದು.

ಕನಿಷ್ಠ ವೇತನದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು ಆಕಾಶದಿಂದ ಇಳಿದ ಅಂಕಿಯಲ್ಲ. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಲೆಕ್ಕ ಹಾಕಿಕೊಟ್ಟಿತು. ದುಡಿಯುವ ಒಬ್ಬನ ಮೇಲೆ ಮೂರು ಜನರ ಬಳಕೆಯ ಖರ್ಚು, ತಲೆಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಅದರ ಜೊತೆಗೆ ಸೌದೆ ದೀಪ ಮುಂತಾದವುಗಳಿಗೆ ಒಟ್ಟು ವೇತನದ ಶೇ 20. ಮಕ್ಕಳ ಓದು, ಔಷಧೋಪಚಾರ, ಹಬ್ಬ, ಮುಪ್ಪಿನ ದಿನಗಳಿಗೆಂದು ಇನ್ನೂ ಶೇ 25 ಸೇರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಐದು ವರ್ಷ ಮೀರದಂತೆ ಪರಿಷ್ಕರಣೆ ಆಗಬೇಕು, ನಡುವೆ ಬೆಲೆ ಏರಿಕೆಗೆ ತಕ್ಕಂತೆ ತುಟ್ಟಿಭತ್ಯೆ ಏರಬೇಕು. ಕಾಗದದ ಮೇಲೆ ಇದು ಅಚ್ಚುಕಟ್ಟಾದ ವ್ಯವಸ್ಥೆ.

ಕೊರತೆ ಇರುವುದು ಎರಡು ಕಡೆ. ಒಂದು, ವಲಯಗಳ ಹಂಚಿಕೆ. ಬೆಂಗಳೂರಿಗೆ ಒಂದು ದರ, ಜಿಲ್ಲಾ ಕೇಂದ್ರಕ್ಕೆ ಇನ್ನೊಂದು, ಉಳಿದ ಊರುಗಳಿಗೆ ಮತ್ತೂ ಕಡಿಮೆ. ನರಸಾಪುರ, ವೇಮಗಲ್ ಸುತ್ತಮುತ್ತ ಕಾರ್ಖಾನೆಗಳು ಬಂದ ಮೇಲೆ ಅಲ್ಲಿನ ಬಾಡಿಗೆ ಹಳ್ಳಿಯ ಬಾಡಿಗೆಯಾಗಿ ಉಳಿದಿಲ್ಲ, ವೇತನದ ವಲಯ ಮಾತ್ರ ಬದಲಾಗಲಿಲ್ಲ. ಇನ್ನೊಂದು, ಏರಿಕೆಯನ್ನು ಮುಂದೂಡುವ ಚಾಳಿ. 2020ರ ಏಪ್ರಿಲ್‌ನಿಂದ ಕೊಡಬೇಕಾಗಿದ್ದ ತುಟ್ಟಿಭತ್ಯೆಯನ್ನು ನಮ್ಮ ರಾಜ್ಯ ಸರ್ಕಾರ ಕೊರೊನಾ ಕಾರಣಕ್ಕೆ ಮುಂದೂಡಿತು. ಗಾರ್ಮೆಂಟ್ಸ್‌ನಲ್ಲಿ ಅದು ತಿಂಗಳಿಗೆ ಸುಮಾರು 417 ರೂಪಾಯಿ. ಆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಸರ್ಕಾರದ ಆದೇಶಕ್ಕೆ ತಡೆ ಕೊಟ್ಟರೂ ಎಷ್ಟೋ ಕಾರ್ಖಾನೆಗಳಲ್ಲಿ ಬಾಕಿ ಹಣ ಕೈಗೆ ಬಂದದ್ದು ಬಹಳ ತಡವಾಗಿ. 417 ರೂಪಾಯಿ ಎಂದರೆ ಏನೆಂದು ಸಭೆಯಲ್ಲಿರುವ ಅಕ್ಕಂದಿರನ್ನು ಕೇಳಿ, ಅರ್ಧ ಗ್ಯಾಸ್ ಸಿಲಿಂಡರ್ ಎನ್ನುತ್ತಾರೆ.

ವೇತನ ಏರಿಸಿದರೆ ಕಾರ್ಖಾನೆ ಆಂಧ್ರಕ್ಕೆ ಹೋಗುತ್ತದೆ ಎಂದು ಇಲ್ಲೊಬ್ಬರು ಚೀಟಿ ಕಳಿಸಿದ್ದಾರೆ. ಗಡಿ ಜಿಲ್ಲೆಯವರಿಗೆ ಈ ಭಯ ಸಹಜ; ಬಾಗೇಪಲ್ಲಿಯಿಂದ ಹೆದ್ದಾರಿ ಹಿಡಿದರೆ ಪೆನುಕೊಂಡದ ಕಿಯಾ ಕಾರು ಕಾರ್ಖಾನೆ ದೂರವೇನಿಲ್ಲ. ಆದರೆ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಗಡಿಯ ಎರಡೂ ಕಡೆಯ ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿ ನೋಡಿದಾಗ ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎಷ್ಟು ಬೇಕಾದರೂ ಏರಿಸಬಹುದು ಎಂದು ಅದರ ಅರ್ಥವಲ್ಲ, ಹೋಟೆಲು ಗಡಿ ದಾಟಿ ಹೋಗುವ ಉದ್ಯಮವೂ ಅಲ್ಲ. ಹೊಲಿಗೆ ಕಾರ್ಖಾನೆ ಹೋಗಬಲ್ಲದು. ಆದರೂ ಕಂಪನಿಗಳು ಜಾಗ ಆರಿಸುವಾಗ ಭೂಮಿ, ನೀರು, ರಸ್ತೆ, ವಿಮಾನ ನಿಲ್ದಾಣ, ತೆರಿಗೆ ರಿಯಾಯಿತಿ ಎಲ್ಲವನ್ನೂ ನೋಡುತ್ತವೆ. ಕಿಯಾ ಬಂದದ್ದು ಕೂಲಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಎಂದು ನಂಬಲು ನಾನು ಸಿದ್ಧನಿಲ್ಲ.

ಇನ್ನು ನರಸಾಪುರ. ಗುತ್ತಿಗೆ ಕೆಲಸದ ಒಂದು ಸಂಬಳದ ಚೀಟಿಯನ್ನು ಕಲ್ಪಿಸಿಕೊಳ್ಳಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ. ಅದರಲ್ಲಿ ಪಿಎಫ್ ಶೇ 12ರಂತೆ 1,680, ಇಎಸ್‌ಐ ಶೇ 0.75ರಂತೆ 105. ಕೈಗೆ ಬರುವುದು 12,215. ಇದರ ಕೆಳಗೆ ಕ್ಯಾಂಟೀನ್, ಬಸ್ಸು, ಸಮವಸ್ತ್ರ ಎಂದು ಇನ್ನಷ್ಟು ಕಡಿತಗಳಿರಬಹುದು. 26 ದಿನ, ದಿನಕ್ಕೆ ಎಂಟು ಗಂಟೆ ಎಂದರೆ ಗಂಟೆಗೆ ಸುಮಾರು 67 ರೂಪಾಯಿ. ಓವರ್‌ಟೈಮ್‌ಗೆ ಕಾನೂನು ದುಪ್ಪಟ್ಟು ಕೊಡಬೇಕೆನ್ನುವುದರಿಂದ ಗಂಟೆಗೆ 134 ಆಗಬೇಕು. ನಿಮ್ಮ ಚೀಟಿಯಲ್ಲಿ ಓವರ್‌ಟೈಮ್ ಹಣವನ್ನು ಗಂಟೆಗಳಿಂದ ಭಾಗಿಸಿ ನೋಡಿ, 67 ಬಂದರೆ ಅರ್ಧ ಕೂಲಿ ಎಲ್ಲೋ ಉಳಿದಿದೆ ಎಂದು ತಿಳಿಯಿರಿ. ಎಲ್ಲಿ ಉಳಿಯಿತೆಂದು ಕೇಳಲು ಹೋದರೆ ಕಂಪನಿಯವರು ಕೆಲಸಕ್ಕೆ ಜನ ಒದಗಿಸುವ ಏಜೆನ್ಸಿಯ ಕಡೆ, ಏಜೆನ್ಸಿಯವರು ಕಂಪನಿಯ ಕಡೆ ಕೈ ತೋರಿಸುತ್ತಾರೆ.

2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ನಡೆದ ದಾಂಧಲೆಯನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಒಡೆದದ್ದನ್ನು ಸಮರ್ಥಿಸಲಾಗದು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಂದಿಲ್ಲ ಎಂದು ಬಳಿಕ ಆ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದವರು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ ಮೊದಲಿನಿಂದ ಇದ್ದರೂ, ತಿಂಗಳುಗಟ್ಟಲೆ ದೂರು ಕೇಳುವವರಿಲ್ಲದಿದ್ದರೆ ನಿಯಮ ಇದ್ದು ಫಲವಿಲ್ಲ. 2023ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ ಹೆಚ್ಚುಕಡಿಮೆ ದುಪ್ಪಟ್ಟಿಗೆ ಏರಿಸಲು, ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಕೊಡಲು ದಾರಿ ಮಾಡಿತು. ರಾತ್ರಿ ಪಾಳಿಯನ್ನು ನಾನು ವಿರೋಧಿಸುವುದಿಲ್ಲ, ಅದು ಹೆಣ್ಣುಮಕ್ಕಳಿಗೆ ಕೆಲಸದ ಬಾಗಿಲು ತೆರೆದಿದೆ. ಆದರೆ ಎಂಟು ಗಂಟೆಯ ಮೂರು ಪಾಳಿಗೆ ಬೇಕಾದಷ್ಟು ಜನ ಓವರ್‌ಟೈಮ್ ಸೇರಿಸಿ ನಡೆಸುವ ಹನ್ನೆರಡು ಗಂಟೆಯ ಎರಡು ಪಾಳಿಗೆ ಬೇಡ ಎಂಬ ಲೆಕ್ಕವನ್ನೂ ‘ಉದ್ಯೋಗ ಸೃಷ್ಟಿ’ಯ ಪಟ್ಟಿಯಲ್ಲಿ ಸೇರಿಸಬೇಕು.

ಸ್ಥಳೀಯರಿಗೇ ಕೆಲಸ ಎಂಬ ಬೇಡಿಕೆಯನ್ನು ಬೇಗ ಮುಗಿಸುತ್ತೇನೆ. ಉದ್ಯೋಗದಲ್ಲಿ ಕನ್ನಡಿಗರಿಗೆ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮದವರ ಗದ್ದಲಕ್ಕೆ ಒಂದೆರಡು ದಿನದಲ್ಲೇ ತಡೆಹಿಡಿಯಿತು. ಜಮೀನು ಕೊಟ್ಟ ಊರಿನ ಹುಡುಗರಿಗೆ ಗೇಟಿನಲ್ಲಿ ಕಾವಲುಗಾರನ ಕೆಲಸ ಮಾತ್ರ ಸಿಗುವುದು ಅನ್ಯಾಯವೇ. ಆದರೆ ಗುತ್ತಿಗೆ ಕೆಲಸದಲ್ಲೇ ಶೇ 70 ಸಿಕ್ಕರೆ ಆ ಅನ್ಯಾಯ ನೀಗುವುದಿಲ್ಲ. ಇದಕ್ಕಿಂತ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಕೂಲಿಗೆ ಹೆಚ್ಚು ನೆರವಾಗಿರಬಹುದೆಂದು ನನಗೆ ತೋರುತ್ತದೆ. ಮುಳಬಾಗಿಲಿನ ಹಳ್ಳಿಯ ಹೆಂಗಸು ಕೋಲಾರದ ಅಂಗಡಿಯ ಸಂಬಳವನ್ನೂ ಊರಿನ ತೋಟದ ಕೂಲಿಯನ್ನೂ ಬಸ್ ಚಾರ್ಜಿನ ಯೋಚನೆಯಿಲ್ಲದೆ ತೂಗಿ ನೋಡಬಲ್ಲಳು. ಕೊನೆಯ ಬಸ್ಸು ಸಂಜೆ ಆರಕ್ಕೇ ಹೊರಟರೆ ಮಾತ್ರ ಆ ಲಾಭ ಅಲ್ಲಿಗೇ ನಿಲ್ಲುತ್ತದೆ.

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲ ಕೆಲಸಗಾರರಿಗೂ ಕನಿಷ್ಠ ವೇತನ, ನೇಮಕಾತಿ ಪತ್ರ, ಬಾಕಿ ವೇತನ ಕೇಳಲು ಮೂರು ವರ್ಷದ ಅವಕಾಶ ಇವು ಅದರಲ್ಲಿನ ಒಳ್ಳೆಯ ಅಂಶಗಳು. ಗುತ್ತಿಗೆ ಕಾರ್ಮಿಕರ ರಕ್ಷಣೆ ಮೊದಲು 20 ಜನರಿದ್ದಲ್ಲಿ ಅನ್ವಯಿಸುತ್ತಿತ್ತು, ಈಗ 50 ಜನರಿದ್ದಲ್ಲಿ ಮಾತ್ರ. 45 ಜನರನ್ನಿಟ್ಟುಕೊಂಡ ಗುತ್ತಿಗೆದಾರರು ಇನ್ನು ಮುಂದೆ ಹೆಚ್ಚುತ್ತಾರೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಕನಿಷ್ಠ ವೇತನದ ಕರಡು ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಎರಡು ತಿಂಗಳಿಗೆ ಕಡಿಮೆಯಿಲ್ಲದ ಕಾಲಾವಕಾಶ ಕೊಡಬೇಕೆಂದು 1948ರ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಮಾಲೀಕರ ಸಂಘಗಳು ವಕೀಲರ ಮೂಲಕ ಅಂಕಿ ಅಂಶದೊಂದಿಗೆ ಬರೆಯುತ್ತವೆ. ಈ ಸಭೆಯಲ್ಲಿರುವ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. 1957ರ ಪಟ್ಟಿಯನ್ನು ಹಿಡಿದುಕೊಂಡು ನರಸಾಪುರ, ವೇಮಗಲ್, ಮಾಲೂರಿನ ಅಂಗಡಿಗಳಲ್ಲಿ ಅಕ್ಕಿ, ರಾಗಿ, ಬೇಳೆ, ಎಣ್ಣೆಯ ಬೆಲೆಯನ್ನೂ, ಕಾರ್ಮಿಕರು ಕೊಡುವ ಬಾಡಿಗೆಯನ್ನೂ, ಶಾಲೆಯ ಶುಲ್ಕವನ್ನೂ ತಿಂಗಳಿಗೊಮ್ಮೆ ಬರೆದಿಡಿ. ಮುಂದಿನ ಕರಡು ಬಂದಾಗ ಅದನ್ನೇ ಆಕ್ಷೇಪಣೆಯಾಗಿ ಕಾರ್ಮಿಕ ಇಲಾಖೆಗೆ ಕಳಿಸಬಹುದು. ನಮ್ಮ ಊರುಗಳು ಬೆಂಗಳೂರಿಗಿಂತ ಕೆಳಗಿನ ವಲಯದಲ್ಲೇ ಏಕಿರಬೇಕು ಎಂಬ ಪ್ರಶ್ನೆಯನ್ನು ಸರ್ಕಾರ ಆಗ ಪರಿಗಣಿಸಲೇಬೇಕಾಗುತ್ತದೆ.